ಮೂರು ಸರ್ಕಾರ, ಒಂದೇ ಕಥೆ

1900! ಇಸವಿಯನ್ನು ಇನ್ನೊಮ್ಮೆ ಓದಿ. ಆ ವರ್ಷ ಮಂಗಳೂರಿನ ‘ಸುವಾಸಿನಿ’ ಮಾಸಪತ್ರಿಕೆಯಲ್ಲಿ ‘ನನ್ನ ಚಿಕ್ಕತಾಯಿ’ ಎಂಬ ಕಥೆ ಅಚ್ಚಾಯಿತು. ಬರೆದವರು ಪಂಜೆ ಮಂಗೇಶರಾಯರು. ಹೌದು, ಮಕ್ಕಳಿಗೆ ‘ಹಾವಿನ ಹಾಡು’ ಕೊಟ್ಟ ಅದೇ ಪಂಜೆ! ಕನ್ನಡದ ಮೊದಲ ಸಣ್ಣಕಥೆ ಯಾವುದೆಂದು ಕೇಳಿದರೆ ಬಹಳ ಮಂದಿ ವಿಮರ್ಶಕರು ಬೆರಳು ತೋರಿಸುವುದು ಇದರತ್ತಲೇ. ನಾವು ಸಣ್ಣಕಥೆಯ ಜನಕರೆಂದು ಕರೆಯುವ ಮಾಸ್ತಿ ಆಗಿನ್ನೂ ಎಂಟೊಂಬತ್ತರ ಹುಡುಗ.

ಅಲ್ಲಿಂದ ಹುಡುಕುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ. ಪಂಜೆಯವರ ಮಂಗಳೂರು ಮದರಾಸು ಪ್ರಾಂತ್ಯದಲ್ಲಿತ್ತು. ಕೆರೂರು ವಾಸುದೇವಾಚಾರ್ಯರು ತಮ್ಮ ‘ಸಚಿತ್ರ ಭಾರತ’ ಪತ್ರಿಕೆಗೆ ಕಥೆ ಬರೆಯುತ್ತಿದ್ದ ಬಾಗಲಕೋಟೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1910ರ ಹೊತ್ತಿಗೆ ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆಯತೊಡಗಿದ ಮಾಸ್ತಿಯವರದು ಮೈಸೂರು ಸಂಸ್ಥಾನ. ಮೂರು ಕಡೆ ಮೂರು ಸರ್ಕಾರ! ಕರ್ನಾಟಕ ಒಂದಾಗಿದ್ದು 1956ರಲ್ಲಿ. ಆದರೆ ಕನ್ನಡದ ಕಥೆ ಅದಕ್ಕೂ ಅರ್ಧ ಶತಮಾನ ಮೊದಲೇ, ಗಡಿಯ ಹಂಗಿಲ್ಲದೆ, ಮಾಸಪತ್ರಿಕೆಗಳಲ್ಲಿ ಒಂದಾಗಿಬಿಟ್ಟಿತ್ತು. ಏಕೀಕರಣದ ಚರಿತ್ರೆಯಲ್ಲಿ ಈ ಪುಟಗಳಿಗೆ ನಾವು ಕೊಟ್ಟ ಜಾಗ ತೀರಾ ಕಡಿಮೆ ಎಂದೇ ನನ್ನ ಭಾವನೆ.

ಕಥೆಯ ಅಳತೆಯನ್ನು ಹೊಲಿದದ್ದೂ ಪತ್ರಿಕೆಯೇ. ರಷ್ಯಾದ ‘ಒಸ್ಕೋಲ್ಕಿ’ ವಾರಪತ್ರಿಕೆ ಚೆಕಾಫ್‌ಗೆ ವಿಧಿಸಿದ್ದ ಮಿತಿ ಸುಮಾರು ನೂರು ಸಾಲು. ಆ ಇಕ್ಕಟ್ಟಿನಲ್ಲೇ ಆತ ಕಸುಬು ಕಲಿತ! ಟಾಗೋರರ ‘ಪೋಸ್ಟ್‌ಮಾಸ್ಟರ್’ ಬಂದದ್ದು ‘ಹಿತಬಾದಿ’ ವಾರಪತ್ರಿಕೆಯಲ್ಲಿ, 1891ರಲ್ಲಿ. ಮಾಸ್ತಿ ಹುಟ್ಟಿದ ವರ್ಷವೂ ಅದೇ. ಮುಂದೆ ಅದೇ ಮಾಸ್ತಿ 1944ರಿಂದ ಸುಮಾರು ಎರಡು ದಶಕ ‘ಜೀವನ’ ಪತ್ರಿಕೆಯ ಸಂಪಾದಕರಾಗಿ ಇತರರ ಬರಹಕ್ಕೆ ಪುಟ ಬಿಟ್ಟುಕೊಟ್ಟರು.

ಬೆಂಗಳೂರಿನ ರಾಮಮೂರ್ತಿ ನಗರದಲ್ಲಿರುವ ನನಗೆ ಇದು ದೂರದ ಮಾತಲ್ಲ. ಪಕ್ಕದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ, ಹೊಸಕೋಟೆ ದಾಟಿದರೆ ಮಾಲೂರು, ಅದರಾಚೆ ಮಾಸ್ತಿಯವರ ಊರು ಮಾಸ್ತಿ. ಇಲ್ಲಿನ ಹಳೇ ಪೇಪರ್ ಅಂಗಡಿಯೊಂದರ ತಕ್ಕಡಿಯ ಪಕ್ಕದಲ್ಲೇ ನನ್ನ ಕೈಗೆ ಒಂದು ದಪ್ಪ ಹೊತ್ತಗೆ ಸಿಕ್ಕಿತು. ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ! ಯಾರೋ ‘ಸುಧಾ’, ‘ಮಯೂರ’, ‘ಕಸ್ತೂರಿ’ಗಳಿಂದ ಕಥೆಗಳ ಹಾಳೆ ಬಿಡಿಸಿ, ದಬ್ಬಣದಲ್ಲಿ ತೂತು ಹೊಡೆದು, ಗೋಣಿದಾರದಲ್ಲಿ ಹೊಲಿದಿದ್ದಾರೆ. ರಟ್ಟಿಗೆ ಹಳೆಯ ಕ್ಯಾಲೆಂಡರು. ಮೊದಲ ಹಾಳೆಯಲ್ಲಿ ನೀಲಿ ಶಾಯಿಯ ಪರಿವಿಡಿ: ಕಥೆ, ಕಥೆಗಾರ, ಪುಟ. ಕೆಲವು ಹೆಸರುಗಳ ಮುಂದೆ ಪುಟ್ಟ ನಕ್ಷತ್ರ. ಒಂದು ಕಥೆಯ ಕೊನೆಯ ಪ್ಯಾರಾ ಹಿಂಬದಿಯ ಜಾಹೀರಾತಿನ ಜೊತೆ ಕತ್ತರಿಸಿ ಹೋಗಿತ್ತೆಂದು ಕಾಣುತ್ತದೆ. ಆ ಸಾಲುಗಳನ್ನು ಅದೇ ಶಾಯಿಯಲ್ಲಿ ಬರೆದು ಅಂಟಿಸಿದ್ದಾರೆ! ಎಂಥ ಓದುಗರು! ಯಾವ ವಿಶ್ವವಿದ್ಯಾಲಯವೂ ಹೇಳದೆ, ಯಾರೂ ದುಡ್ಡು ಕೊಡದೆ ಮಾಡಿದ ಸಂಪಾದನೆ ಇದು.

‘ಕಸ್ತೂರಿ’ 1956ರಲ್ಲಿ, ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ, ‘ತುಷಾರ’ 1973ರಲ್ಲಿ ಶುರುವಾದವು. ಇವುಗಳ ಜೊತೆಗೆ ದಿನಪತ್ರಿಕೆಗಳ ದೀಪಾವಳಿ, ಯುಗಾದಿ ವಿಶೇಷಾಂಕಗಳು. ಅಲ್ಲಿ ಒಂದೆರಡೇ ಕಥೆ ಬರೆದು ಸುಮ್ಮನಾದ ಟೀಚರುಗಳು, ಗುಮಾಸ್ತರು, ಗೃಹಿಣಿಯರು ಎಷ್ಟೋ ಮಂದಿ. ಅವರಿಗೆ ಸಂಕಲನವಿಲ್ಲ. ಅವರ ಕಥೆಗಿರುವುದು ಆ ಸಂಚಿಕೆಯೊಂದೇ.

ಹಾಗಾಗಿ ಒಂದು ವಿನಂತಿ. ಅಟ್ಟ ಖಾಲಿ ಮಾಡುವಾಗ ಹಳೆಯ ವಿಶೇಷಾಂಕಗಳನ್ನು ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡಬೇಡಿ. ಪರಿವಿಡಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ನಿಮ್ಮ ಬಡಾವಣೆಯ ಗ್ರಂಥಾಲಯವನ್ನೋ ಕನ್ನಡ ಸಂಘವನ್ನೋ ಒಮ್ಮೆ ಕೇಳಿ ನೋಡಿ. ಅದಕ್ಕೂ ಮೊದಲು, ದಯವಿಟ್ಟು, ಒಂದು ಕಥೆಯನ್ನಾದರೂ ಓದಿ.