ಮನೆಯೇ ಕೋಟೆ, ಕೈಯಲ್ಲಿ ಬಂದೂಕು!

2020ರ ಜೂನ್ 28, ಭಾನುವಾರದ ಸಂಜೆ. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರ. ಪೋರ್ಟ್‌ಲ್ಯಾಂಡ್ ಪ್ಲೇಸ್ ಎಂಬ ಸಿರಿವಂತರ ಬೀದಿಯಲ್ಲಿ ನೂರಾರು ಜನ ಘೋಷಣೆ ಕೂಗುತ್ತ ಸಾಗಿದ್ದರು. ಅರಮನೆಯಂಥ ಒಂದು ಮನೆಯೊಳಗಿಂದ ನಡುವಯಸ್ಸು ದಾಟಿದ ದಂಪತಿ ಹೊರಬಂದರು. ಗುಲಾಬಿ ಅಂಗಿ ತೊಟ್ಟು ಬರಿಗಾಲಲ್ಲಿದ್ದ ಗಂಡನ ಕೈಯಲ್ಲಿ ಸೇನೆಯವರು ಹಿಡಿಯುವಂಥ ರೈಫಲು. ಹೆಂಡತಿಯ ಕೈಯಲ್ಲಿ ಪಿಸ್ತೂಲು. ಅದರ ಗುರಿ ಜನರತ್ತ, ಬೆರಳು ಕುದುರೆಯ ಮೇಲೆ!

ಮಾರ್ಕ್ ಮತ್ತು ಪೆಟ್ರೀಷಿಯಾ ಮೆಕ್ಲಾಸ್ಕಿ ಎಂಬ ಈ ವಕೀಲ ದಂಪತಿಯ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಈಚೆಗೆ ನನ್ನ ವಿದ್ಯಾರ್ಥಿಯೊಬ್ಬ ಅದನ್ನು ತೋರಿಸಿ ಕೇಳಿದ: 'ಸಾರ್, ಮನೆ ಅವರದು ತಾನೇ? ಕಾಪಾಡಿಕೊಂಡರೆ ತಪ್ಪೇನು?' ವಿಜ್ಞಾನದ ಮೇಷ್ಟ್ರಾದ ನನಗೆ ಇದು ಪಠ್ಯದ ಹೊರಗಿನ ಪ್ರಶ್ನೆ. ಆದರೂ ಥಟ್ಟನೆ 'ತಪ್ಪು' ಎನ್ನಲು ಬಾಯಿ ಬರಲಿಲ್ಲ. ಗುಂಪು ಮನೆ ಮುಂದೆ ಬಂದಾಗ ಎದೆ ಝಲ್ಲೆನ್ನದವರು ಯಾರು?

ಅಂದು ನಡೆದದ್ದೇನು?

ಅದೇ ವರ್ಷದ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿ ಪೊಲೀಸನ ಮೊಣಕಾಲಡಿ ಪ್ರಾಣಬಿಟ್ಟಿದ್ದ. ದೇಶವೆಲ್ಲ ಪ್ರತಿಭಟನೆ. ಪೊಲೀಸರಿಗೆ ಕೊಡುವ ಹಣ ಕಡಿತಗೊಳಿಸಿ ಎಂದು ಬರೆದವರ ಹೆಸರು, ವಿಳಾಸಗಳನ್ನು ಸೇಂಟ್ ಲೂಯಿಸ್‌ನ ಮೇಯರ್ ಲೈಡಾ ಕ್ರೂಸನ್ ನೇರಪ್ರಸಾರದಲ್ಲಿ ಓದಿಬಿಟ್ಟಿದ್ದರು. ರೊಚ್ಚಿಗೆದ್ದವರು ಅವರ ಮನೆಯತ್ತ ಹೊರಟಾಗ ದಾರಿಯಲ್ಲಿ ಸಿಕ್ಕಿದ್ದು ಈ ಬೀದಿ. ಅದು ನಿವಾಸಿಗಳದೇ ಖಾಸಗಿ ಬೀದಿ, ಅದಕ್ಕೊಂದು ಕಬ್ಬಿಣದ ಗೇಟು. 'ನುಗ್ಗಿ ಬಂದರು, ಜೀವಭಯವಾಯಿತು' ಎಂದರು ದಂಪತಿ. 'ನಾವು ಸುಮ್ಮನೆ ಹಾದು ಹೋಗುತ್ತಿದ್ದೆವು' ಎಂದರು ಪ್ರತಿಭಟನಕಾರರು. ಪುಣ್ಯಕ್ಕೆ ಗುಂಡು ಹಾರಲಿಲ್ಲ.

'ಪ್ರತಿಯೊಬ್ಬನ ಮನೆಯೂ ಅವನ ಪಾಲಿಗೆ ಕೋಟೆ' ಎಂಬ ತತ್ವ ಇಂಗ್ಲೆಂಡಿನಲ್ಲಿ 1604ರ ಮೊಕದ್ದಮೆಯೊಂದರಿಂದ ಹೆಸರಾದದ್ದು. ಅದನ್ನು ಆಧರಿಸಿದ ಕಾನೂನು ಮಿಸೌರಿಯಲ್ಲಿದೆ. ಮನೆಗೆ ಅಕ್ರಮವಾಗಿ ನುಗ್ಗಿದವರ ಮೇಲೆ ಪ್ರಾಣ ತೆಗೆಯುವಷ್ಟು ಬಲ ಬಳಸಲೂ ಅದು ಅವಕಾಶ ಕೊಡುತ್ತದೆ. ಅದೇ ರಾಜ್ಯದ ಇನ್ನೊಂದು ಕಲಮಿನ ಪ್ರಕಾರ ಬೆದರಿಸುವಂತೆ ಆಯುಧ ಝಳಪಿಸುವುದು ಅಪರಾಧ. ಸರ್ಕಾರಿ ವಕೀಲರು ಎರಡನೆಯದನ್ನು ಹಿಡಿದು ಮೊಕದ್ದಮೆ ಹೂಡಿದರು. ರಾಜ್ಯದ ಅಟಾರ್ನಿ ಜನರಲ್ ಮೊದಲನೆಯದನ್ನು ಹಿಡಿದು ದಂಪತಿಯ ಪರ ನಿಂತರು!

2021ರ ಜೂನ್‌ನಲ್ಲಿ ದಂಪತಿ ಸಣ್ಣ ಅಪರಾಧಗಳನ್ನು ಒಪ್ಪಿಕೊಂಡರು. ಗಂಡನಿಗೆ 750 ಡಾಲರ್, ಹೆಂಡತಿಗೆ 2,000 ಡಾಲರ್ ದಂಡ. ಕೆಲವೇ ವಾರಗಳಲ್ಲಿ ಗವರ್ನರ್ ಮೈಕ್ ಪಾರ್ಸನ್ ಕ್ಷಮಾದಾನ ನೀಡಿದರು. ಆದರೆ 2022ರ ಫೆಬ್ರುವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ವಕೀಲಿ ಪರವಾನಗಿಯ ಅಮಾನತನ್ನು ತಡೆಹಿಡಿದು ಇಬ್ಬರನ್ನೂ ಒಂದು ವರ್ಷ ನಿಗಾದಲ್ಲಿರಿಸಿತು. ಕಾನೂನು ಬಲ್ಲವರಲ್ಲೇ ಇಷ್ಟು ಭಿನ್ನಮತವಿರುವಾಗ ಬಂದೂಕು ಹಿಡಿದು ನಿಂತ ಸಾಮಾನ್ಯನಿಗೆ ಗೆರೆ ಎಲ್ಲಿದೆಯೆಂದು ಹೇಗೆ ತಿಳಿಯಬೇಕು?

ಒಂದು ಪುಟ್ಟ ಪ್ರಯೋಗ

ತರಗತಿಯಲ್ಲಿ ನಾನು ಮಾಡಿಸುವ ಪ್ರಯೋಗವೊಂದಿದೆ. ಅಳತೆಪಟ್ಟಿಯನ್ನು ಲಂಬವಾಗಿ ಹಿಡಿದು ಕೈಬಿಡುತ್ತೇನೆ. ಕೆಳಗೆ ಬೆರಳಗಲಿಸಿ ಕಾದವನು ಹಿಡಿಯುವಷ್ಟರಲ್ಲಿ ಅದು ಸುಮಾರು 20 ಸೆಂಟಿಮೀಟರ್ ಜಾರಿರುತ್ತದೆ. ಎಂದರೆ ಕಣ್ಣು ಕಂಡು ಕೈ ಆಡಲು 0.2 ಸೆಕೆಂಡು ಬೇಕು. ಏನಾಗಲಿದೆಯೆಂದು ಮೊದಲೇ ಗೊತ್ತಿದ್ದಾಗಿನ ಲೆಕ್ಕವಿದು. ಎದುರಿನವನ ಕೈಯಲ್ಲಿರುವುದು ಕಲ್ಲೋ ಮೊಬೈಲೋ ಎಂದು ಗದ್ದಲದಲ್ಲಿ ಗುರುತಿಸಲು ಇನ್ನೂ ಹೊತ್ತು ಬೇಕು. ಅಂಥ ರೈಫಲಿನ ಗುಂಡಾದರೋ ಸೆಕೆಂಡಿಗೆ ಸುಮಾರು 900 ಮೀಟರ್ ಓಡುತ್ತದೆ. ಆ 0.2 ಸೆಕೆಂಡಿನಲ್ಲಿ 180 ಮೀಟರ್!

ಪೆಟ್ರೀಷಿಯಾ ಹಿಡಿದಿದ್ದ ಪಿಸ್ತೂಲು ಗುಂಡು ಹಾರಿಸುವ ಸ್ಥಿತಿಯಲ್ಲೇ ಇರಲಿಲ್ಲವೆಂದು ಅವರ ಪರ ವಕೀಲರು ವಾದಿಸಿದರು. ನಿಜವೇ ಇರಬಹುದು. ಆದರೆ ಎದುರಿಗಿದ್ದವರಿಗೆ ಅದು ಗೊತ್ತಾಗುವುದು ಹೇಗೆ? ಅವರಲ್ಲೊಬ್ಬನ ಬಳಿ ಆಯುಧವಿದ್ದು, 'ನನಗೂ ಜೀವಭಯವಾಯಿತು' ಎಂದು ಅವನು ಮೊದಲೇ ಗುಂಡು ಹಾರಿಸಿದ್ದರೆ? ರಕ್ಷಣೆಗೆಂದು ತಂದದ್ದೇ ಅಪಾಯವನ್ನು ಮನೆ ಬಾಗಿಲಿಗೆ ಕರೆಯುತ್ತಿತ್ತು.

ನಮ್ಮ ಕಾನೂನು

ನಮ್ಮಲ್ಲೂ ಆತ್ಮರಕ್ಷಣೆಯ ಹಕ್ಕು ಇದೆ. 1860ರ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದ ಅದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಬಂದಿದೆ. ದರೋಡೆ, ರಾತ್ರಿ ಕನ್ನ, ವಾಸದ ಮನೆಗೆ ಬೆಂಕಿ, ಜೀವಕ್ಕೆ ಕುತ್ತು ತರುವಂಥ ಅತಿಕ್ರಮಣ, ಇಂಥ ಸಂದರ್ಭಗಳಲ್ಲಿ ಆಸ್ತಿರಕ್ಷಣೆಗಾಗಿ ಎದುರಾಳಿಯ ಪ್ರಾಣ ಹೋದರೂ ಅಪರಾಧವಲ್ಲ. ಆದರೆ 37ನೇ ಕಲಮು ಲಗಾಮು ಹಾಕುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಮನೆ ಮುಂದೆ ಘೋಷಣೆ ಕೂಗಿದ ಮಾತ್ರಕ್ಕೆ ಗುಂಡಿಕ್ಕುವ ಹಕ್ಕು ಬರುವುದಿಲ್ಲ. ಕೋವಿ ಪರವಾನಗಿಯಿಂದ ವಿನಾಯಿತಿ ಪಡೆದ ಕೊಡವರಿಗೂ ಈ ಲಗಾಮು ಒಂದೇ.

ಗುಂಪಿನ ಬಗ್ಗೆ ಸಂಹಿತೆಯಲ್ಲೇ ಒಂದು ಉದಾಹರಣೆಯಿದೆ. ಕೊಲ್ಲಲು ಬಂದ ಗುಂಪಿನತ್ತ ಒಬ್ಬನು ಗುಂಡು ಹಾರಿಸದೆ ಬದುಕುವಂತಿಲ್ಲ. ಆದರೆ ಗುಂಪಿನಲ್ಲಿ ಮಕ್ಕಳೂ ಸೇರಿಕೊಂಡಿದ್ದಾರೆ. ಅವನ ಗುಂಡಿನಿಂದ ಮಗುವಿಗೆ ಹಾನಿಯಾದರೂ ಅಪರಾಧವಲ್ಲ ಎನ್ನುತ್ತದೆ ಕಾನೂನು. ನ್ಯಾಯಾಲಯ ಅವನನ್ನು ಬಿಟ್ಟೀತು. ಆ ಮಗುವಿನ ಮುಖ ಅವನನ್ನು ಬಿಟ್ಟೀತೇ?

ಪೊಲೀಸರೇ ಬಾರದಿದ್ದರೆ?

ಇಷ್ಟನ್ನೂ ವಿವರಿಸಿದಾಗ ಹುಡುಗ ಸುಮ್ಮನಾಗಲಿಲ್ಲ. 'ಪೊಲೀಸರು ಬರದಿದ್ದರೆ ಏನು ಮಾಡೋದು ಸಾರ್?' ಎಂದ. ಪ್ರಶ್ನೆ ಸರಿಯಾದದ್ದೇ. 1992ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್‌ನಲ್ಲಿ ಗಲಭೆ ಎದ್ದಾಗ ಕೊರಿಯಾ ಮೂಲದ ಅಂಗಡಿಕಾರರು ಪೊಲೀಸರಿಗೆ ಫೋನ್ ಮಾಡಿ ಮಾಡಿ ಸೋತರು. ಯಾರೂ ಬಾರದಿದ್ದಾಗ ಬಂದೂಕು ಹಿಡಿದು ಅಂಗಡಿಗಳ ಮಾಳಿಗೆ ಏರಿದರು. ಹಾಗೆ ಕೆಲವು ಅಂಗಡಿಗಳು ಉಳಿದದ್ದೂ ನಿಜ. ಆದರೆ ಕಾವಲಿಗೆ ಹೊರಟಿದ್ದ ಕೊರಿಯಾ ಮೂಲದ 18ರ ತರುಣನೊಬ್ಬ ಆ ಗೊಂದಲದಲ್ಲಿ ಹೆಣವಾದ. ಅವನನ್ನು ಲೂಟಿಕೋರನೆಂದು ತಪ್ಪು ತಿಳಿದು ಹೊಡೆದವರು ಬೇರೆ ಕೊರಿಯನ್ ಕಾವಲುಗಾರರೇ. ಹಗ್ಗವನ್ನು ಹಾವೆಂದು ತಿಳಿದು ಹೊಡೆದರೆ ಹಗ್ಗಕ್ಕೇನೂ ಆಗದು. ಇಲ್ಲಿ ಹೋದದ್ದು ಒಂದು ಜೀವ.

ಕೊನೆಗೆ ಹುಡುಗನಿಗೆ ಹೀಗೆಂದೆ: 'ಮನೆ ಅವರದೇ, ಕಾಪಾಡಿಕೊಳ್ಳುವ ಹಕ್ಕೂ ಅವರದೇ. ಬಾಗಿಲು ಒಡೆದು ಒಳನುಗ್ಗಿದರೆ, ಬೆಂಕಿ ಇಟ್ಟರೆ, ಆ ಹಕ್ಕು ಬಳಸಬೇಕಾದೀತು. ಅಲ್ಲಿಯವರೆಗೆ ಬಾಗಿಲು ಭದ್ರಪಡಿಸಿ, ಮನೆಯವರನ್ನು ಹಿಂದಿನ ಕೋಣೆಗೆ ಕಳಿಸಿ, ಪೊಲೀಸರಿಗೆ ಫೋನ್ ಮಾಡುವುದು ಹೇಡಿತನವಲ್ಲ. ಜನ ತಮ್ಮ ಪಾಡಿಗೆ ಹಾದುಹೋಗಲಿ.'

ಅವನು ಒಪ್ಪಿದನೋ ಇಲ್ಲವೋ ಕಾಣೆ. ಮರುದಿನ ತರಗತಿಗೆ ಹೋದಾಗ ಮಾತ್ರ ಅಳತೆಪಟ್ಟಿ ಹಿಡಿದು ಗೆಳೆಯನ ಬೆರಳ ನಡುವೆ ಬಿಡುತ್ತಿದ್ದ. ಪ್ರತಿ ಸಲವೂ ಅದು ಜಾರಿದ ಮೇಲೇ ಕೈ ಮುಚ್ಚುತ್ತಿತ್ತು.