ಖಿನ್ನತೆಯ ಮಾತ್ರೆ: ಮೊದಲ ಆರು ವಾರ ಜತೆಗಿರೋಣ

ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಮ್ಮ ಮನೆಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಟಿವಿ ಪಕ್ಕದಲ್ಲೋ ಊಟದ ಮೇಜಿನ ಮೇಲೋ ಇಡುತ್ತೇವೆ. ನೆಂಟರು ಬಂದರೆ ಯಾರ ಮಾತ್ರೆ ಎಷ್ಟು ಎಂ.ಜಿ. ಎಂಬ ಮಾತುಕತೆಯೂ ನಡೆಯುತ್ತದೆ. ಆದರೆ ಖಿನ್ನತೆಗೆ ವೈದ್ಯರು ಬರೆದುಕೊಟ್ಟ ಮಾತ್ರೆ ಮಾತ್ರ ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಸೇರುತ್ತದೆ. ಹೀಗೆ ಅಡಗಿಸಿಟ್ಟು ನುಂಗುವ ಮಾತ್ರೆಯನ್ನು ಎಷ್ಟೋ ಮಂದಿ ಎರಡನೆಯ ವಾರದಲ್ಲಿಯೇ, ಯಾರಿಗೂ ಹೇಳದೆ, ಬಿಟ್ಟುಬಿಡುತ್ತಾರೆ. ಅದು ಗುಣ ಕಾಣಿಸುವ ಮೊದಲೇ ಬಿಟ್ಟ ಮಾತ್ರೆ. ಈ ಲೇಖನ ಆ ಮೊದಲ ಕೆಲವು ವಾರಗಳ ಬಗ್ಗೆ.

ಉತ್ತರ ಕರ್ನಾಟಕದಲ್ಲಿ ಒಂದು ಹಳೆಯ ತಮಾಷೆಯ ಮಾತಿದೆ: "ಅವನನ್ನು ಧಾರವಾಡಕ್ಕೆ ಕಳಿಸಬೇಕು." ಧಾರವಾಡ ಎಂದರೆ ಅಲ್ಲಿನ ಮಾನಸಿಕ ಆಸ್ಪತ್ರೆ ಎಂದು ಎಲ್ಲರಿಗೂ ಅರ್ಥವಾಗುತ್ತದೆ, ಎಲ್ಲರೂ ನಗುತ್ತಾರೆ. ಆದರೆ ಜೋಯಿಡಾ ತಾಲೂಕಿನ ತುದಿಯಲ್ಲಿರುವ, ಗೋವಾ ಗಡಿಯ ಕೊನೆಯ ಸ್ಟೇಷನ್ ಕ್ಯಾಸಲ್‌ರಾಕ್‌ನಂಥ ಊರಿನವರಿಗೆ ಈ ಮಾತು ಬರೀ ತಮಾಷೆಯಲ್ಲ. ಇಲ್ಲಿಂದ ಲೋಂಡಾ, ಅಳ್ನಾವರ ದಾಟಿ ರೈಲು ಹೋಗುವುದೇ ಧಾರವಾಡಕ್ಕೆ. "ಎಲ್ಲಿಗೆ ಹೊರಟಿರಿ?" ಎಂದು ಸ್ಟೇಷನ್ನಿನಲ್ಲಿ ಯಾರಾದರೂ ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆಯಿಂದಲೇ ಚಿಕಿತ್ಸೆ ಮುಂದೂಡುವವರಿದ್ದಾರೆ.

ಧಾರವಾಡದ ಆ ಆಸ್ಪತ್ರೆ 1845ರಷ್ಟು ಹಳೆಯದು. 2009ರಲ್ಲಿ ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಯಿತು. ಇಂಥ ಸಂಸ್ಥೆಗಳ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ನಿದ್ದೆ ಬಾರದ ಗೃಹಿಣಿಯರು, ಪರೀಕ್ಷೆಯ ಭಯದ ವಿದ್ಯಾರ್ಥಿಗಳು, ಕುಡಿತ ಬಿಡಬೇಕೆನ್ನುವವರು, ಹೆರಿಗೆಯ ನಂತರ ಅಳು ನಿಲ್ಲದ ತಾಯಂದಿರು ಎಲ್ಲರೂ ಇರುತ್ತಾರೆ. ಬಹುತೇಕ ಮಂದಿ ಔಷಧಿ ಬರೆಸಿಕೊಂಡು ಅದೇ ದಿನ ಮನೆಗೆ ಮರಳುತ್ತಾರೆ.

ಬೇಸರವೇ ಬೇರೆ, ಖಿನ್ನತೆಯೇ ಬೇರೆ

ಸಾವು, ಸಾಲ, ಕೆಲಸ ಹೋಗುವುದು ಇವೆಲ್ಲ ಯಾರಿಗೂ ದುಃಖ ತರುತ್ತವೆ. ಅದಕ್ಕೆಲ್ಲ ಮಾತ್ರೆ ಬೇಕಿಲ್ಲ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು, ಮನಸ್ಸು ಕುಗ್ಗಿಯೇ ಇದ್ದರೆ. ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ. ನಿದ್ದೆ, ಹಸಿವು, ಶಕ್ತಿ ಕೆಟ್ಟು, ನಾನು ಯಾರಿಗೂ ಬೇಡ ಎಂಬ ಯೋಚನೆ ಬಿಡದೆ ಕಾಡಿದರೆ ಅದನ್ನು ಖಿನ್ನತೆ ಎಂದು ವೈದ್ಯರು ಗುರುತಿಸುತ್ತಾರೆ. ಸೌಮ್ಯ ಖಿನ್ನತೆಗೆ ಆಪ್ತ ಸಮಾಲೋಚನೆಯೇ ಸಾಕಾಗಬಹುದು. ಮಧ್ಯಮ ಹಾಗೂ ತೀವ್ರ ಖಿನ್ನತೆಗೆ ಮಾತ್ರೆಯೂ ಬೇಕಾಗುತ್ತದೆ.

ಈ ಮಾತ್ರೆಗಳ ಹುಟ್ಟು ಕುತೂಹಲಕರ. 1952ರ ಸುಮಾರಿಗೆ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಔಷಧಿ ಕೊಟ್ಟಾಗ, ಅದನ್ನು ತೆಗೆದುಕೊಂಡವರಲ್ಲಿ ಹಲವರ ಮನಸ್ಸೂ ಗೆಲುವಾಗಿದ್ದನ್ನು ವೈದ್ಯರು ಗಮನಿಸಿದರು. 1957ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕುನ್ ಇಮಿಪ್ರಮಿನ್ ಎಂಬ ಔಷಧಿ ಖಿನ್ನತೆಗೆ ಉಪಯುಕ್ತವೆಂದು ವರದಿ ಮಾಡಿದರು. 1987ರಲ್ಲಿ ಅಮೆರಿಕದಲ್ಲಿ ಫ್ಲೂಕ್ಸೆಟಿನ್‌ಗೆ ಒಪ್ಪಿಗೆ ದೊರೆಯಿತು. ಇಂದು ನಮ್ಮಲ್ಲಿ ಹೆಚ್ಚಾಗಿ ಬರೆಯುವ ಎಸಿಟಲೋಪ್ರಾಮ್, ಸರ್ಟ್ರಾಲಿನ್ ಅದೇ ಗುಂಪಿಗೆ ಸೇರಿದವು. ಫ್ಲೂಕ್ಸೆಟಿನ್, ಎಸಿಟಲೋಪ್ರಾಮ್ ಮತ್ತು ಹಳೆಯ ಅಮಿಟ್ರಿಪ್ಟಿಲಿನ್ ಭಾರತದ 2022ರ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೇ ಇವೆ.

ಬೇಡ ಎಂದವರೂ ತೆಗೆದುಕೊಂಡರು

ಮಾತ್ರೆ ಬೇಡ ಎನ್ನುವುದು ಓದಿಲ್ಲದವರ ಹಟ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಕುಂದಾಪುರ ಕಡೆಯ ಪಡುಕೋಣೆ ಮೂಲದ, ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2014ರಲ್ಲಿ ಖಿನ್ನತೆಗೆ ಒಳಗಾದರು. ಅವರು 2015ರ ಜನವರಿಯಲ್ಲಿ ಅದನ್ನು ಬಹಿರಂಗವಾಗಿ ಹೇಳಿಕೊಂಡರು. ಮಾತ್ರೆಯ ಸಲಹೆ ಬಂದಾಗ ತಾವು ಒಪ್ಪಲಿಲ್ಲ, ಮಾತಾಡಿದರೆ ಸಾಕು ಎಂದುಕೊಂಡಿದ್ದೆ, ಸಮಾಲೋಚನೆ ಒಂದು ಮಟ್ಟಿಗೆ ಮಾತ್ರ ನೆರವಾಯಿತು, ಆಮೇಲೆ ಮಾತ್ರೆ ತೆಗೆದುಕೊಂಡೆ, ಸುಧಾರಿಸಿಕೊಂಡೆ ಎಂಬುದು ಅವರ ಅನುಭವದ ಸಾರ. ಅದೇ ವರ್ಷ ಅವರು ಮಾನಸಿಕ ಆರೋಗ್ಯಕ್ಕಾಗಿ ಲಿವ್ ಲವ್ ಲಾಫ್ ಪ್ರತಿಷ್ಠಾನ ಆರಂಭಿಸಿದರು. ಹಣ, ಹೆಸರು, ಒಳ್ಳೆಯ ವೈದ್ಯರು ಎಲ್ಲ ಇದ್ದವರಿಗೇ ಮೊದಲ ಮಾತ್ರೆ ನುಂಗುವುದು ಕಷ್ಟವಾಗಿತ್ತು ಎಂದ ಮೇಲೆ ರೈಲ್ವೆ ಗ್ಯಾಂಗಿನಲ್ಲಿ ದುಡಿಯುವವರಿಗೆ, ಕಾಡಂಚಿನ ಹಳ್ಳಿಯ ತಾಯಿಗೆ ಎಷ್ಟು ಕಷ್ಟವಾಗಬಹುದು ಎಂದು ನಾವು ಯೋಚಿಸಬೇಕು.

ಮೊದಲು ತೊಂದರೆ, ಆಮೇಲೆ ಗುಣ

ತಲೆನೋವಿನ ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತದೆ. ಖಿನ್ನತೆಯ ಮಾತ್ರೆ ಹಾಗಲ್ಲ. ಅದು ಮಿದುಳಿನ ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರಟೋನಿನ್‌ನಂಥ ರಾಸಾಯನಿಕಗಳ ಮೇಲೆ ಮೊದಲ ದಿನದಿಂದಲೇ ಪರಿಣಾಮ ಬೀರುತ್ತದೆ. ಆದರೆ ಮಿದುಳು ಆ ಬದಲಾವಣೆಗೆ ಹೊಂದಿಕೊಂಡು ಮನಸ್ಸು ಹಗುರವಾಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಪೂರ್ಣ ಪರಿಣಾಮ ತಿಳಿಯಲು ಆರು ವಾರವೂ ಆಗಬಹುದು. ಅಡ್ಡ ಪರಿಣಾಮಗಳಾದರೋ ಮೊದಲ ವಾರದಲ್ಲಿಯೇ ಬರುತ್ತವೆ. ತೊಂದರೆ ಮೊದಲು, ಗುಣ ಆಮೇಲೆ ಎಂಬ ಈ ಕ್ರಮ ತಿಳಿಯದಿರುವುದರಿಂದಲೇ ಹಲವರು ಮಾತ್ರೆ ಬಿಡುತ್ತಾರೆ.

ಮಾತ್ರೆ ತೆಗೆದುಕೊಂಡವರು ಮೊದಲ ದಿನಗಳ ಬಗ್ಗೆ ಸಾಮಾನ್ಯವಾಗಿ ಹೇಳುವುದು ಇದು: ಹೊಟ್ಟೆ ತೊಳಸಿದಂತೆ, ವಾಕರಿಕೆ, ತಲೆನೋವು, ಕೆಲವರಿಗೆ ನಿದ್ದೆ ಬಾರದು, ಕೆಲವರಿಗೆ ಹಗಲಲ್ಲೂ ತೂಕಡಿಕೆ, ಬಾಯಿ ಒಣಗುವುದು, ಬೆವರು, ಕೈ ಸಣ್ಣಗೆ ನಡುಗುವುದು, ಒಂದು ಕಡೆ ಕೂರಲಾಗದ ಚಡಪಡಿಕೆ. ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾರಗಳಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ವಾಕರಿಕೆ ಇದ್ದರೆ ಬರಿ ಹೊಟ್ಟೆಯಲ್ಲಿ ನುಂಗದೆ ಗಂಜಿಯೋ ತಿಂಡಿಯೋ ತಿಂದ ಮೇಲೆ ತೆಗೆದುಕೊಳ್ಳಬಹುದು. ನಿದ್ದೆ ಕೆಡುತ್ತಿದ್ದರೆ ಬೆಳಿಗ್ಗೆ, ತೂಕಡಿಕೆ ಬರುತ್ತಿದ್ದರೆ ರಾತ್ರಿ ತೆಗೆದುಕೊಳ್ಳುವಂತೆ ವೈದ್ಯರು ಹೊತ್ತು ಬದಲಿಸಿಕೊಡುತ್ತಾರೆ. ತೂಕಡಿಕೆ ಇರುವಷ್ಟು ದಿನ ಬೈಕ್ ಓಡಿಸುವುದು ಬೇಡ.

ದಾಂಪತ್ಯದ ಆಸಕ್ತಿ ಕುಗ್ಗುವುದು ಇನ್ನೊಂದು ಅಡ್ಡ ಪರಿಣಾಮ. ಇದು ಎರಡು ವಾರದಲ್ಲಿ ಹೋಗದೆ ಉಳಿಯಬಹುದು. ನಾಚಿಕೆಯಿಂದ ಯಾರೂ ಇದನ್ನು ಹೇಳುವುದಿಲ್ಲ, ಸುಮ್ಮನೆ ಮಾತ್ರೆ ನಿಲ್ಲಿಸುತ್ತಾರೆ. ವೈದ್ಯರಿಗೆ ಹೇಳಿದರೆ ಪ್ರಮಾಣ ತಗ್ಗಿಸಲು ಅಥವಾ ಬೇರೆ ಮಾತ್ರೆ ಕೊಡಲು ದಾರಿಯಿದೆ. ಮೊದಲ ಮಾತ್ರೆಯೇ ಎಲ್ಲರಿಗೂ ಒಗ್ಗುವುದಿಲ್ಲ. ಎರಡನೆಯದು ಬೇಕಾಯಿತು ಎಂದರೆ ರೋಗ ವಾಸಿಯಾಗದು ಎಂದಲ್ಲ.

ಸುಧಾರಣೆ ಬರುವುದೂ ಸದ್ದಿಲ್ಲದೆ. ಬಹಳ ಸಲ ಅದನ್ನು ಮೊದಲು ಕಾಣುವವರು ಮನೆಯವರು. ಬೆಳಿಗ್ಗೆ ತಾನಾಗಿಯೇ ಎದ್ದು ಚಹಾ ಇಟ್ಟದ್ದು, ನೆರೆಯವರ ಜತೆ ನಾಲ್ಕು ಮಾತಾಡಿದ್ದು, ಒಂದು ತಟ್ಟೆ ಊಟ ಪೂರ್ತಿ ಮುಗಿಸಿದ್ದು ಇವು ಗುರುತುಗಳು. "ನೀನು ಈ ವಾರ ಸ್ವಲ್ಪ ಗೆಲುವಾಗಿದ್ದೀಯ" ಎಂದು ಮನೆಯವರು ಹೇಳಿದರೆ ಮಾತ್ರೆ ಮುಂದುವರಿಸಲು ಅದೇ ದೊಡ್ಡ ಬಲ.

ಘಾಟಿ ಹತ್ತುವಾಗ, ಘಾಟಿ ಇಳಿಯುವಾಗ

ಗೋವೆಯ ಕುಳೆಯಿಂದ ಕ್ಯಾಸಲ್‌ರಾಕ್‌ಗೆ ಘಾಟಿ ಹತ್ತುವ ರೈಲನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 37 ಅಡಿ ಸಾಗಿದರೆ ಒಂದು ಅಡಿ ಏರುವ ದಾರಿ ಅದು. ಒಂದೇ ಎಂಜಿನ್ ಸಾಲದು. ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ, ಮೇಲೆ ತಲುಪಿದ ಮೇಲೆ ಬಿಡಿಸುತ್ತಾರೆ. ಅದನ್ನು ಯಾರೂ ರೈಲಿನ ದೌರ್ಬಲ್ಯ ಎನ್ನುವುದಿಲ್ಲ, ದಾರಿ ಕಡಿದು ಎನ್ನುತ್ತಾರೆ. ಮಾತ್ರೆಯೂ, ಮೊದಲ ವಾರಗಳಲ್ಲಿ ಜತೆಗಿರುವ ಜನರೂ ಹಾಗೆಯೇ.

ಇಳಿಯುವಾಗಲೂ ಅದೇ ಎಚ್ಚರ ಬೇಕು. ಕ್ಯಾಸಲ್‌ರಾಕ್‌ನಿಂದ ಕೆಳಗೆ ಯಾವ ರೈಲನ್ನೂ ಓಡಿಬಿಡುವುದಿಲ್ಲ, ಬ್ರೇಕ್ ಹಿಡಿದು ನಿಧಾನವಾಗಿ ಇಳಿಸುತ್ತಾರೆ. "ಈಗ ಚೆನ್ನಾಗಿದ್ದೇನಲ್ಲ" ಎಂದು ಒಂದೇ ದಿನ ಮಾತ್ರೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು, ವಿಚಿತ್ರ ಕನಸು, ತಲೆಯಲ್ಲಿ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇದನ್ನು ನೋಡಿ "ಮಾತ್ರೆ ಚಟವಾಗಿದೆ" ಎಂದು ಜನ ಹೇಳುತ್ತಾರೆ. ಸಾರಾಯಿಯಂತೆ ಇನ್ನಷ್ಟು ಬೇಕು ಎಂಬ ಹಂಬಲ ಹುಟ್ಟಿಸುವ ಚಟ ಇದಲ್ಲ. ದೇಹ ಒಗ್ಗಿಕೊಂಡಿದ್ದನ್ನು ತಟ್ಟನೆ ತೆಗೆದ ಪರಿಣಾಮ ಇದು. ಮೊದಲ ಬಾರಿಯ ಖಿನ್ನತೆಯಾದರೆ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ವೈದ್ಯರ ಸೂಚನೆಯಂತೆ ಪ್ರಮಾಣ ತಗ್ಗಿಸುತ್ತ ನಿಲ್ಲಿಸುವುದು ರೂಢಿ. ಮತ್ತೆ ಮತ್ತೆ ಬಂದ ಖಿನ್ನತೆಗೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಗುಡ್ಡ ಕುಸಿದು ರೈಲೂ ರಸ್ತೆಯೂ ನಿಂತರೆ ಔಷಧಿ ತರಲು ಆಗದು. ಜೂನ್‌ಗೆ ಮೊದಲೇ ವೈದ್ಯರಿಗೆ ವಿಷಯ ತಿಳಿಸಿ, ಅವರು ಒಪ್ಪಿದಷ್ಟು ಹೆಚ್ಚು ದಿನದ ಮಾತ್ರೆ ಬರೆಸಿಕೊಂಡು, ಮನೆಯ ಹಿರಿಯರೊಬ್ಬರ ಕೈಯಲ್ಲಿ ಇಡುವುದು ಒಳ್ಳೆಯದು. ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬಾರದು.

ತಡಮಾಡದೆ ಕರೆದೊಯ್ಯಬೇಕಾದ ಸಂದರ್ಭಗಳು

ಮೊದಲ ವಾರಗಳಲ್ಲಿ ಮನಸ್ಸು ಸರಿಹೋಗುವ ಮುಂಚೆಯೇ ಮೈಗೆ ಚುರುಕು ಬರುವುದುಂಟು. ಅದರಲ್ಲೂ 25 ವರ್ಷದೊಳಗಿನವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004 ಮತ್ತು 2007ರಲ್ಲಿ ಎಚ್ಚರಿಕೆ ನೀಡಿದೆ. ಆದ್ದರಿಂದ ಹದಿಹರೆಯದವರನ್ನು ಆ ದಿನಗಳಲ್ಲಿ ಒಂಟಿಯಾಗಿ ಬಿಡಬಾರದು, ಮಾತ್ರೆಯ ಪಟ್ಟಿ ಮನೆಯವರ ಕೈಯಲ್ಲಿರಬೇಕು. "ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಒಳಗಿರುವುದು ಹೊರಬರುತ್ತದೆ. ಹೌದು ಎಂದರೆ ಅಂದೇ ವೈದ್ಯರಿಗೆ ತಿಳಿಸಿ.

ನಿದ್ದೆಯೇ ಬೇಡವೆಂಬಂತೆ ಅತಿಯಾದ ಉತ್ಸಾಹ, ನಿಲ್ಲದ ಮಾತು, ಮನಬಂದಂತೆ ಖರ್ಚು. ಜ್ವರದ ಜತೆ ನಡುಕ, ಗೊಂದಲ. ವಯಸ್ಸಾದವರಲ್ಲಿ ಹೊಸದಾಗಿ ಗೊಂದಲ, ತೀವ್ರ ಸುಸ್ತು ಇವೂ ತಕ್ಷಣ ತೋರಿಸಬೇಕಾದ ಲಕ್ಷಣಗಳು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳ ಜತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ ಬೇರೆ ಯಾವ ಔಷಧಿ ಕೇಳುವಾಗಲೂ ಈ ಚೀಟಿ ತೋರಿಸಿ. ಮದ್ಯ ಬೇಡ. ಗರ್ಭಿಣಿ ಎಂದು ತಿಳಿದರೆ ತಾನಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ನಾವು ಮಾಡಬಹುದಾದದ್ದು

ಮನೆ ಭೇಟಿಗೆ ಹೋಗುವ ಧರ್ಮಭಗಿನಿಯರು, ವಾರ್ಡಿನ ಗುರಿಕಾರರು, ಯುವಜನರ ಮುಖಂಡರು ಇಂಥ ಕುಟುಂಬವನ್ನು ಒಮ್ಮೆಯಲ್ಲ ಒಮ್ಮೆ ಕಂಡೇ ಇರುತ್ತಾರೆ. "ಪ್ರಾರ್ಥನೆ ಮಾಡು, ಮಾತ್ರೆ ಬಿಡು" ಎಂಬ ಸಲಹೆಯನ್ನು ಯಾರೂ ಕೊಡದಿರಲಿ. ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅದು ಜೀವಕ್ಕೆ ಅಪಾಯ. ಅರ್ಜೆಂಟೀನಾದ ಸರ್ವಾಧಿಕಾರದ ದಿನಗಳಲ್ಲಿ ತಾವು ಆತಂಕ ನಿಭಾಯಿಸಲು ಸುಮಾರು ಆರು ತಿಂಗಳು ಮನೋವೈದ್ಯರ ಬಳಿಗೆ ಹೋಗುತ್ತಿದ್ದುದಾಗಿ ಪೋಪ್ ಫ್ರಾನ್ಸಿಸ್ ಅವರೇ ಹೇಳಿದ್ದು 2021ರಲ್ಲಿ ಪ್ರಕಟವಾಯಿತು. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ.

ಮೊದಲ ಆರು ವಾರ ವಾರಕ್ಕೊಮ್ಮೆಯಾದರೂ ಹೋಗಿ ಬನ್ನಿ. ಉಪದೇಶ ಬೇಡ. ಊಟವಾಯಿತೇ, ನಿದ್ದೆ ಬಂತೇ, ಮಾತ್ರೆಯಿಂದ ಏನಾದರೂ ತೊಂದರೆಯೇ ಎಂದು ಕೇಳಿದರೆ ಸಾಕು. ಮುಂದಿನ ತಪಾಸಣೆಗೆ ಒಬ್ಬರು ಜತೆಗೆ ಹೋದರೆ ಇನ್ನೂ ಒಳ್ಳೆಯದು. ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವೈದ್ಯಕೀಯ ಸಿಬ್ಬಂದಿಗೆ ಹೇಳುತ್ತದೆ. ನಾವೂ ಅದನ್ನೇ ಪಾಲಿಸೋಣ. ಕೇಳಿದ್ದು ಅಲ್ಲಿಯೇ ಉಳಿಯಲಿ.

ಎಲ್ಲದಕ್ಕೂ ಧಾರವಾಡಕ್ಕೇ ಹೋಗಬೇಕೆಂದಿಲ್ಲ. ಕರ್ನಾಟಕ ಸರಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ಜೋಯಿಡಾ, ಹಳಿಯಾಳದವರು ತಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಂಡರೆ ಪ್ರಯಾಣ ವ್ಯರ್ಥವಾಗದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಾತ್ರೆ ಆರಂಭಿಸಿದವರು, ಅದನ್ನು ನಿಲ್ಲಿಸಬೇಕೆನ್ನಿಸಿದವರು, ಅವರ ಮನೆಯವರು ಯಾರು ಬೇಕಾದರೂ ಕರೆ ಮಾಡಬಹುದು. ಈ ಸಂಖ್ಯೆಯನ್ನು ನಿಮ್ಮ ವಾರ್ಡಿನ ಎಲ್ಲ ಮನೆಗಳಿಗೂ ದಯವಿಟ್ಟು ತಲುಪಿಸಿ.