ಐದು ಗೆರೆಗಳಿಂದ ಏಳು ಸ್ವರಗಳಿಗೆ

ಪಾಶ್ಚಾತ್ಯ ಸಂಗೀತದ ಲಿಪಿಯನ್ನು ಮೊದಲ ಸಲ ಕಂಡಾಗ ನಮಗೆ ತೋರುವುದು ಐದು ಗೆರೆಗಳ ಮೇಲೆ ಕುಳಿತ ಕಪ್ಪು ಚುಕ್ಕೆಗಳು ಮಾತ್ರ. ಇವನ್ನು ಓದಲಾರದವನು ಹಾಡಲಾರನೆ? ಈ ತೊಡಕನ್ನು ಬಿಡಿಸಲು ಇಂಗ್ಲೆಂಡಿನ ನಾರಿಚ್ ನಗರದ ಶಿಕ್ಷಕಿ ಸಾರಾ ಗ್ಲೋವರ್ ಸ್ವರಾಕ್ಷರಗಳ ಕ್ರಮವೊಂದನ್ನು ರಚಿಸಿದರು. ಪಾದ್ರಿ ಜಾನ್ ಕರ್ವೆನ್ (1816–1880) ಅದನ್ನು ತಿದ್ದಿ, 'ಟಾನಿಕ್ ಸೋಲ್-ಫಾ' ಎಂಬ ಹೆಸರಿನಿಂದ ಜನಸಾಮಾನ್ಯರಲ್ಲಿ ಹರಡಿದರು.

ಇದರಲ್ಲಿ ಡೋ, ರೇ, ಮೀ, ಫಾ, ಸೋ, ಲಾ, ಟೀ ಎಂದು ಏಳು ಸ್ವರಗಳು. ನಮ್ಮ ಷಡ್ಜದಂತೆ ಡೋವನ್ನು ಯಾವ ಶ್ರುತಿಯಲ್ಲಿಯಾದರೂ ಇಡಬಹುದು. ಆದುದರಿಂದ ಲಿಪಿಯನ್ನು ಮಾರ್ಪಡಿಸುವಾಗ ಡೋ ಎಲ್ಲಿದೆಯೆಂಬುದನ್ನು ಮೊದಲು ಕಂಡುಕೊಳ್ಳಬೇಕು. ಗೆರೆಗಳ ಆರಂಭದಲ್ಲಿ ಶಾರ್ಪ್ ಚಿಹ್ನೆಗಳಿದ್ದರೆ ಅವುಗಳಲ್ಲಿ ಕೊನೆಯದು ಟೀ; ಅದರ ಮೇಲಿನ ಸ್ವರವೇ ಡೋ. ಫ್ಲ್ಯಾಟ್ ಚಿಹ್ನೆಗಳಿದ್ದರೆ ಕೊನೆಯದು ಫಾ. ಅಲ್ಲಿಂದ ಫಾ, ಮೀ, ರೇ, ಡೋ ಎಂದು ಕೆಳಕ್ಕೆ ಎಣಿಸಬೇಕು. ಯಾವ ಚಿಹ್ನೆಯೂ ಇಲ್ಲದಿದ್ದರೆ 'ಸಿ' ಸ್ವರವೇ ಡೋ.

'ಎಫ್', 'ಸಿ' ಎಂಬ ಎರಡು ಶಾರ್ಪ್‌ಗಳಿವೆ ಎನ್ನೋಣ. ಸಿ ಶಾರ್ಪ್ ಟೀ ಆದುದರಿಂದ 'ಡಿ' ಸ್ವರವು ಡೋ ಆಗುವುದು. 'ಎ' ಸ್ವರವು ಸೋ ಆಗುವುದು.

ಇದು ಹೇಗೆ ಸಾಧ್ಯ? ಮಧ್ಯಸ್ಥಾಯಿಯ 'ಡಿ'ಯ ಕಂಪನಗಳು ಸೆಕೆಂಡಿಗೆ ಸುಮಾರು 294. 'ಎ' ಸ್ವರದವು 440. ಇವುಗಳ ಪ್ರಮಾಣ 2:3ಕ್ಕೆ ಬಹು ಸಮೀಪ. ಶ್ರುತಿಯೊಡನೆ ಕಂಪನಸಂಖ್ಯೆಗಳು ಬದಲಾಗುವುವು, ಪ್ರಮಾಣವು ಬದಲಾಗದು. ನಮ್ಮ ಕಿವಿ ರಾಗವನ್ನು ಗುರುತಿಸುವುದು ಈ ಸಂಬಂಧದಿಂದಲೇ.

ಒಂದು ಎಚ್ಚರಿಕೆ: ಹಾಡಿನ ನಡುವೆ ಶ್ರುತಿ ಬದಲಾದರೆ ಡೋ ಸಹ ಸರಿಯುವುದು. ಅಲ್ಲಿ ಅದನ್ನು ಮತ್ತೆ ಹುಡುಕದ ವಿದ್ಯಾರ್ಥಿಯು ಮುಂದಿನ ಸ್ವರಗಳನ್ನೆಲ್ಲ ತಪ್ಪಾಗಿ ಬರೆದಾನು. ಆಧಾರವನ್ನು ಅರಿತವನಿಗೆ ಮಾತ್ರ ಚುಕ್ಕೆಗಳು ಹಾಡಾಗುವುವು.